ಮರುಳಸಿದ್ಧನ ರಕ್ತಭವಿಷ್ಯ ಯಂತ್ರ

“ಒಂದೇ ಹನಿ ರಕ್ತ ಅತ್ತಿಗೆ! ಅಣ್ಣ ಉಳೀತಾನೋ ಇಲ್ವೋ, ಇದೇ ಹೇಳುತ್ತೆ!” ಮೈದುನ ಮರುಳಸಿದ್ಧ ತಾನೇ ಮಾಡಿದ, ಮಿಕ್ಸಿಯಷ್ಟು ದೊಡ್ಡ ಯಂತ್ರವನ್ನು ನರ್ಸಿಂಗ್ ಹೋಮಿನ ಮಂಚದ ತುದಿಗೆ ಕುಕ್ಕಿದ.

ವನಜಾಕ್ಷಿಗೆ ಮೈ ಉರಿಯಿತು. ಕಾಲು ಮುರಿದು ಮಲಗಿದ್ದ ಗಂಡ ಪಂಚಾಕ್ಷರಿಯ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ನಿನ್ನೆ ಶ್ವಾಸಕೋಶಕ್ಕೇರಿ ಕೂತಿತ್ತು. ಆಮ್ಲಜನಕದ ಮಾಸ್ಕಿನೊಳಗೆ ಅವನು ಒಂದೊಂದು ಉಸಿರನ್ನೂ ಆಳದ ಬಾವಿಯಿಂದ ಸೇದುತ್ತಿದ್ದ. ಮಗ್ಗುಲಲ್ಲಿ ಅತ್ತೆ ವಿಭೂತಿ ಹಿಡಿದು ಕೂತಿದ್ದರು.

“ಹೆಪ್ಪು ಕರಗಿದಾಗ ಅದರ ಚೂರು ರಕ್ತದಲ್ಲಿ ತೇಲುತ್ತೆ. ಚೂರು ಜಾಸ್ತಿ, ಅಪಾಯ ಜಾಸ್ತಿ!” ಮರುಳಸಿದ್ಧ ವಿವರಿಸಿದ.

“ಎಷ್ಟಿದ್ರೆ ಜಾಸ್ತಿ? ಯಾರ ರಕ್ತ ನೋಡಿ ಗೆರೆ ಎಳೆದೆ?” ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ವನಜಾಕ್ಷಿ ಕೇಳಿದಳು.

“ಕಾಲೇಜ್ ಹಾಸ್ಟೆಲ್ ಹುಡುಗರದ್ದು! ಬೋಂಡಾ ಕೊಡಿಸಿದ್ರೆ ಬೇಕಾದಷ್ಟು ಕೊಡ್ತಾರೆ.”

“ಇಪ್ಪತ್ತರ ಹುಡುಗರ ಗೆರೆ ಅರವತ್ತರವರಿಗೆ ಹೊಂದುತ್ತೇನೋ?”

“ಅತ್ತಿಗೆ, ಇದು ನಿಮ್ಮ ಎಂಟನೇ ಕ್ಲಾಸಲ್ಲ!”

ಪಂಚಾಕ್ಷರಿಯ ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪಿನೊಳಗಿಂದ ಸೂಜಿ ಚುಚ್ಚಿತು. ಹಸಿರು ದೀಪ ಹೊತ್ತಿ, ಯಂತ್ರ ವಾರ್ತೆ ಓದುವ ಗತ್ತಿನಲ್ಲಿ ಘೋಷಿಸಿತು: “ಇವರು ಕ್ಷೇಮ. ಮನೆಗೆ ಹೋಗಬಹುದು!”

ಅತ್ತೆ ಯಂತ್ರಕ್ಕೇ ವಿಭೂತಿ ಹಚ್ಚಿದರು.

“ನಿನ್ನೆಯಿಂದ ಔಷಧಿ ಹೋಗ್ತಿದೆ, ಚೂರು ಇಳಿದಿರೋದು ಅದಕ್ಕೆ. ಹೃದಯ ಎಷ್ಟು ನಲುಗಿದೆ ಅಂತ ನಿನ್ನ ಡಬ್ಬಿ ನೋಡ್ತಾ?” ವನಜಾಕ್ಷಿ ಬಿಡಲಿಲ್ಲ.

“ಬರೀ ಅನುಮಾನ ನಿಮಗೆ! ನನ್ನದೇ ನೋಡಿ!” ಮರುಳಸಿದ್ಧ ತನ್ನ ಬೆರಳಿಗೆ ಕ್ಲಿಪ್ ಸಿಕ್ಕಿಸಿಕೊಂಡ. ವಯಸ್ಸು ಐವತ್ತೆಂಟು, ಹಿಂದಿನ ದಿನವಷ್ಟೇ ಕೊಳೆತ ದವಡೆ ಹಲ್ಲು ಕೀಳಿಸಿಕೊಂಡು ಕೆನ್ನೆ ಊದಿಸಿಕೊಂಡಿದ್ದ. ಹಲ್ಲು ಕಿತ್ತ ಗಾಯದಲ್ಲೂ ರಕ್ತ ಹೆಪ್ಪುಗಟ್ಟಿ ಕರಗುವಾಗ ಚೂರು ಏರದೆ ಇರುತ್ತದೆಯೇ! ಕೆಂಪು ದೀಪ!

“ಇವರು ಉಳಿಯುವುದಿಲ್ಲ! ಬಂಧುಗಳನ್ನು ಕರೆಯಿರಿ!”

ಮರುಳಸಿದ್ಧನ ಮುಖ ಸುಣ್ಣವಾಯಿತು. “ಅವ್ವಾ! ಉಸಿರೇ ಸಿಗ್ತಿಲ್ಲ!”

“ಏಳೋ ಪಂಚಾಕ್ಷರಿ! ನಿಂಗೇನಾಗಿದೆ, ಹಸಿರು! ತಮ್ಮ ಹೋಗ್ತಿದಾನೆ!” ಅತ್ತೆ ಹಿರಿಮಗನ ರಟ್ಟೆ ಹಿಡಿದೆಳೆದರು.

ವನಜಾಕ್ಷಿ ಡಾಕ್ಟರನ್ನು ಕೂಗಲು ಬಾಗಿಲಿಗೆ ಓಡಿದಳು. ತಿರುಗಿ ಬರುವಷ್ಟರಲ್ಲಿ ಮಾಸ್ಕು ಮಂಚವೇರಿ ಮಲಗಿದ್ದ ಮರುಳಸಿದ್ಧನ ಮೂತಿಯ ಮೇಲಿತ್ತು. ಹುಟ್ಟಿದಾಗಿನಿಂದ ತಮ್ಮನಿಗೆ ಜಾಗ ಬಿಟ್ಟೇ ರೂಢಿಯಾಗಿದ್ದ ಪಂಚಾಕ್ಷರಿ, ಪ್ಲಾಸ್ಟರಿನ ಕಾಲು ಚಾಚಿ ಸ್ಟೂಲಿನ ಮೇಲೆ ಕೂತಿದ್ದ. ತುಟಿ ನೀಲಿಯಾಗಿತ್ತು.

“ಬಿಡೇ... ಪಾಪ, ಅವನಿಗೆ... ಹುಷಾರಿಲ್ಲ...”

ಅವಳು ಮಾಸ್ಕು ಕಿತ್ತು ಗಂಡನ ಮುಖಕ್ಕೆ ಒತ್ತಿದಳು. ಎಳೆದಾಟದಲ್ಲಿ ಮರುಳಸಿದ್ಧನ ಬೆರಳಿನ ಕ್ಲಿಪ್ ಕಳಚಿತು. ನಾಡಿ ಸಿಗದ ಯಂತ್ರ ಗದ್ಗದಿಸಿತು: “ಇವರು ಲಿಂಗೈಕ್ಯರಾದರು!”

“ಇನ್ನೂ ಇಲ್ಲ ಕಣೋ!” ಮಂಚದಿಂದ ಮರುಳಸಿದ್ಧ ಅರಚಿದ.

“ಅಯ್ಯಯ್ಯೋ, ನನ್ ಮಗನ ಉಸಿರು ಕಿತ್ಕೊಂಡ್ಲು!” ಅತ್ತೆ ಎದೆ ಬಡಿದುಕೊಂಡರು.

ಡಾಕ್ಟರು ಓಡಿ ಬಂದರು. ಪಂಚಾಕ್ಷರಿಯ ತುಟಿಗೆ ನಿಧಾನವಾಗಿ ಬಣ್ಣ ಮರಳಿತು. ವನಜಾಕ್ಷಿ ಮಾಸ್ಕಿನ ಮೇಲಿನ ಕೈ ತೆಗೆಯದೆ ಕೇಳಿದಳು: “ಇವರೂ ನಿಮ್ ಮಗನೇ ಅಲ್ವಾ ಅತ್ತೆ?”

ಅತ್ತೆ ಮೊದಲು ಯಂತ್ರದ ಕಡೆ ನೋಡಿದರು. ಆಮೇಲೆ ಹೌದೆಂದು ತಲೆಯಾಡಿಸಿದರು.