ಹೊಕ್ಕುಳಿಲ್ಲದ ಬಾತುಕೋಳಿ

ಒಂಬತ್ತು ವರ್ಷ ಆಯ್ತು, ಆದರೂ ಪಾಲಿಶ್ ಮೇಸ್ತ್ರಿ ಆ ಒಂದು ಮಾತನ್ನು ಮರೆತಿಲ್ಲ. ಮರೆಯೋದೂ ಇಲ್ಲ! ಹೆಂಡತಿಯ ಅಣ್ಣ ಹೊಸ ಮನೆ ಕಟ್ಟಿಸಿದಾಗ ಹಾಲ್‌ನ ನೆಲದ ಕಲ್ಲು ಪಾಲಿಶ್ ಮಾಡಿಕೊಟ್ಟವನು ಇವನೇ. ಹನ್ನೊಂದು ದಿನ ಮಂಡಿ ಊರಿ, ಕೆಸರು ನೀರಲ್ಲಿ ನೆಂದು, ಸೊಂಟ ಹಿಡಿದುಕೊಂಡು ಉಜ್ಜಿದ. ಕೊನೆಗೆ ಆ ಮಹಾನುಭಾವ ಬಂದ, ಬಾಗಿಲಲ್ಲಿ ನಿಂತ, ಒಂದು ಕಣ್ಣು ಮುಚ್ಚಿದ, ತಲೆ ಓರೆ ಮಾಡಿದ.

"ಭಾವ, ಇಲ್ಲಿ ಸ್ವಲ್ಪ ಅಲೆ ಅಲೆ ಇದ್ದ ಹಾಗಿದೆಯಲ್ಲಾ?"

ಅಲೆ! ಮೂವತ್ತು ವರ್ಷ ಕಲ್ಲು ತಿಕ್ಕಿ ತಿಕ್ಕಿ ಅಂಗೈ ರೇಖೆಯೇ ಅಳಿಸಿಹೋದ ಮನುಷ್ಯನ ಕೆಲಸದಲ್ಲಿ ಅಲೆ! ಅವತ್ತಿನಿಂದ ಮೇಸ್ತ್ರಿ ಆ ಮನೆಗೆ ಹೋದರೆ ಕುರ್ಚಿಯಲ್ಲಿ ಕಾಲು ಮಡಚಿಕೊಂಡೇ ಕೂರುತ್ತಾನೆ. ಯಾಕೆ ಅಂತ ಕೇಳಿದರೆ, "ಅಲೆ ಬಂದು ಕೊಚ್ಚಿಕೊಂಡು ಹೋದ್ರೆ ಏನ್ ಮಾಡ್ಲಿ?" ಅನ್ನುತ್ತಾನೆ.

ಈ ಅಣ್ಣನಿಗೆ ಬಂಧುಬಳಗ ಇಟ್ಟ ಹೆಸರು ಶೋಕೇಸ್ ಭಾವ. ಅವನ ಹಾಲಿನಲ್ಲಿ ಗೋಡೆಗಿಂತ ಶೋಕೇಸು ಜಾಸ್ತಿ. ಒಂದು ಖಾನೆ ಖಾಲಿ ಇದ್ದರೂ ಅವನಿಗೆ ಅನ್ನ ಸೇರೋದಿಲ್ಲ. ಈಗ ಒಂದು ಖಾನೆ ಖಾಲಿ ಇತ್ತು. ಹಾಗಾಗಿ ಅವನ ಕಣ್ಣು ತಂಗಿ ಮನೆಯ ಐದು ಗಾಜಿನ ಪ್ರಾಣಿಗಳ ಮೇಲೆ ಬಿತ್ತು.

ಜೇನಿನ ಬಣ್ಣದ ಬಾತುಕೋಳಿ, ನೀಲಿ ಮೀನು, ಹಸಿರು ಕರಡಿ, ಸೊಂಡಿಲು ಎತ್ತಿದ ಆನೆ, ಕೆಂಪು ಕುದುರೆ. ಎಲ್ಲ ಮುಷ್ಟಿಗಾತ್ರದವು. ಮೇಸ್ತ್ರಿಯ ಮಾವ ಗಾಜಿನ ಕಾರ್ಖಾನೆಯ ಕುಲುಮೆಯಲ್ಲಿ ದುಡಿದವರು. ಆ ಕಾರ್ಖಾನೆ ಮುಚ್ಚಿತು, ಮಾವನೂ ತೀರಿಕೊಂಡರು. ಉಳಿದಿದ್ದು ಈ ಐದು ಪ್ರಾಣಿ ಮತ್ತು ಒಂದು ಜಗಳ.

"ನಂಗೆ ಆರು ವರ್ಷ ಇರುವಾಗ ಅಪ್ಪ ಪಾಳಿ ಮುಗಿಸಿ, ಉಳಿದ ಗಾಜಲ್ಲಿ ನಂಗೋಸ್ಕರ ಮಾಡಿದ್ದು ಕಣೋ ಅಣ್ಣಾ" ಅಂತ ಹೆಂಡತಿ.

"ಅಪ್ಪ ಮಾಡ್ತಿದ್ದದ್ದು ಬಾಟ್ಲಿ ಕಣೇ ತಂಗಿ! ಇದು ಮಾಲೀಕರು ಹೊರದೇಶದಿಂದ ತರಿಸಿ ಕೊಟ್ಟ ಬಹುಮಾನ. ಬಹುಮಾನ ಅಂದ್ರೆ ಮನೆತನದ್ದು. ಮನೆತನದ್ದು ಅಂದ್ಮೇಲೆ ದೊಡ್ಡ ಮಗನ ಶೋಕೇಸಿಗೆ!"

ಕೊನೆಗೊಂದು ಒಪ್ಪಂದವಾಯಿತು. ಹಳೇ ಗಾಜಿನ ಸಾಮಾನಿನ ಅಂಗಡಿಯ ಯಜಮಾನರು ಒಬ್ಬರಿದ್ದರು. ಅವರನ್ನು ಎಲ್ಲರೂ ಕರೆಯೋದೇ ಗಾಜಿನ ತಾತ ಅಂತ. ಯಾವ ಗಾಜು ಯಾವ ಕುಲುಮೆಯಲ್ಲಿ ಹುಟ್ಟಿತು ಅಂತ ಹೇಳುವುದರಲ್ಲಿ ಅವರದ್ದು ಕೊನೇ ಮಾತು. ಭಾನುವಾರ ಮಧ್ಯಾಹ್ನ ಅವರು ಬಂದು ನೋಡಬೇಕು. ಅಪ್ಪ ಮಾಡಿದ್ದಾದರೆ ತಂಗಿಗೆ, ಹೊರದೇಶದ್ದಾದರೆ ಅಣ್ಣನಿಗೆ.

ಭಾನುವಾರ ಬೆಳಿಗ್ಗೆ ಹೆಂಡತಿ ಚೀಲ ಹಿಡಿದು ಹೊರಟಳು. "ರೀ, ಅವನ್ನ ಧೂಳು ಒರೆಸಿ ಮೇಜಿನ ಮೇಲಿಡಿ. ಅಷ್ಟೇ ಸಾಕು. ಬೇರೆ ಏನೂ ಮಾಡ್ಬೇಡಿ" ಅಂದಳು.

ಸಾಕು ಅನ್ನೋ ಮಾತನ್ನು ಪಾಲಿಶ್ ಮೇಸ್ತ್ರಿಗೆ ಹೇಳಬಾರದು! "ನೋಡ್ತಾ ಇರು, ಇವತ್ತು ನಿನ್ನಣ್ಣನ ಬಾಯಿಗೆ ಬೀಗ ಜಡೀತೀನಿ!" ಅಂತ ಎದೆ ತಟ್ಟಿಕೊಂಡ. ಒರೆಸಿದ. ಒಂದೊಂದಾಗಿ ತನ್ನ ಕಪ್ಪು ಕಲ್ಲಿನ ಮೇಜಿನ ಮೇಲೆ ಇಟ್ಟ. ಆ ಮೇಜು ಅವನೇ ಪಾಲಿಶ್ ಮಾಡಿದ್ದು, ಬಗ್ಗಿ ನೋಡಿದರೆ ಮೀಸೆ ಕತ್ತರಿಸಿಕೊಳ್ಳಬಹುದು. ಬಾತುಕೋಳಿ ಇಟ್ಟದ್ದೇ ತಡ, ಟಕ ಟಕ ಅಂತ ಅಲುಗಾಡಿತು. ಎತ್ತಿ ತಿರುಗಿಸಿದ. ತಳದಲ್ಲಿ ಒಡೆದ ಹಲ್ಲಿನಂತೆ ಒರಟು ಗುರುತು, ಪಕ್ಕದಲ್ಲಿ ಏನೇನೋ ಗೀರು. ಮೀನಿನ ತಳವೂ ಹಾಗೇ, ಕರಡಿಯದ್ದೂ ಹಾಗೇ. ಸಾಲದ್ದಕ್ಕೆ ಮೇಜಿನ ಮೇಲೆ ಕೂದಲೆಳೆಯಷ್ಟು ಗೆರೆ ಬೇರೆ ಬಿದ್ದಿತ್ತು!

ಮೇಸ್ತ್ರಿಯ ರಕ್ತ ನೆತ್ತಿಗೇರಿತು. ಪಾಲಿಶ್ ಮೇಸ್ತ್ರಿ ಮನೆಯಲ್ಲಿ ತಳ ಅಲುಗಾಡೋ ಬಾತುಕೋಳಿಯಾ? ಇದನ್ನು ಅವನು ನೋಡಿದರೆ 'ಭಾವ, ಇಲ್ಲೂ ಅಲೆ' ಅನ್ನೋದಿಲ್ಲವೇ? ಹಿತ್ತಿಲಿಗೆ ಹೋದ. ಕೈಮೆಷಿನ್ನು ತೆಗೆದ. ನೀರು ಬಿಟ್ಟುಕೊಂಡು ಒರಟು ಪ್ಯಾಡಿನಿಂದ ಶುರುಮಾಡಿ ನಯವಾದ ಪ್ಯಾಡಿನವರೆಗೆ ಏಳು ಸುತ್ತು, ಆಮೇಲೆ ಪುಡಿ ಹಾಕಿ ಕೊನೇ ಸುತ್ತು. ಐದು ಪ್ರಾಣಿ, ಐದು ತಳ. ಮುಗಿಯುವಾಗ ಆನೆ ಕಾಲಡಿಯಲ್ಲಿ ಮೇಸ್ತ್ರಿಗೆ ತನ್ನ ಮುಖವೇ ಕಂಡಿತು. ಮಾವ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು ಅಂದುಕೊಂಡ.

ಹೆಂಡತಿ ಬಂದ ಬೆನ್ನಿಗೇ ಶೋಕೇಸ್ ಭಾವನೂ ಗಾಜಿನ ತಾತನೂ ಬಂದರು. ತಾತ ಕುಳಿತರು. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿದರು. ಕುದುರೆಯನ್ನು ದೀಪಕ್ಕೆ ಹಿಡಿದರು.

"ಗುಳ್ಳೆ ಇದೆ. ಗುಳ್ಳೆ ಇಲ್ಲೂ ಬರುತ್ತೆ, ಅಲ್ಲೂ ಬರುತ್ತೆ. ಬಣ್ಣನೂ ಅಷ್ಟೇ. ಇದನ್ನ ತೀರ್ಮಾನ ಮಾಡೋದು ಹೊಕ್ಕುಳು!"

"ಹೊಕ್ಕುಳಾ?" ಅಂದ ಮೇಸ್ತ್ರಿ.

"ಹೂಂ ಮತ್ತೆ. ಕಾದ ಗಾಜನ್ನ ಕಬ್ಬಿಣದ ಸರಳಿನ ತುದಿಗೆ ಅಂಟಿಸಿಕೊಂಡು ಪ್ರಾಣಿ ಮಾಡ್ತಾರೆ. ಕೊನೆಗೆ ಟಣ್ ಅಂತ ಸರಳಿಂದ ಮುರೀತಾರೆ. ಮುರಿದ ಕಡೆ ಒರಟು ಗುರುತು ಉಳಿಯುತ್ತೆ, ಅದೇ ಹೊಕ್ಕುಳು. ಹೊರದೇಶದ ದೊಡ್ಡ ಕಾರ್ಖಾನೆಗಳು ಅದನ್ನ ಉಜ್ಜಿ ನುಣ್ಣಗೆ ಮಾಡ್ತವೆ. ನಮ್ಮ ಕುಲುಮೆಯವರು ಪಾಳಿ ಮುಗಿಸಿ ಮನೆಗೆ ಓಡೋ ಅವಸರದಲ್ಲಿರ್ತಿದ್ರು. ತಳ ಯಾರು ಉಜ್ತಾರೆ? ಹಾಗೇ ಬಿಡ್ತಿದ್ರು. ಪಕ್ಕದಲ್ಲಿ ಮೊಳೆ ತುದೀಲಿ ತಮ್ಮ ಗುರುತು ಗೀರೋರು."

ಮೇಸ್ತ್ರಿ ಎರಡೂ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ತಾತ ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಗಾಜಿನ ಕಪ್ಪೆ ತೆಗೆದರು. "ಇದು ಆ ಮುಚ್ಚಿಹೋದ ಕಾರ್ಖಾನೇದೇ. ಯಾರ ಕೈಯದೋ ಗೊತ್ತಿಲ್ಲ. ನನ್ನ ಹತ್ತಿರ ಇರೋದು ಇದೊಂದೇ. ಹೊಕ್ಕುಳು ನೋಡಿ!" ಅಂತ ಹೆಂಡತಿಯ ಕೈಗೆ ಕೊಟ್ಟು, ತಾವು ಬಾತುಕೋಳಿಯನ್ನು ತಿರುಗಿಸಿದರು.

ಒಂದು ಕನ್ನಡಕ ತೆಗೆದರು. ಮತ್ತೆ ಹಾಕಿದರು.

"ಅಬ್ಬಬ್ಬಾ! ಇದು ಮನುಷ್ಯರ ಕೆಲಸ ಅಲ್ಲ! ಐವತ್ತು ವರ್ಷದಲ್ಲಿ ಇಂಥ ಪಾಲಿಶ್ ನೋಡಿಲ್ಲ ನಾನು. ಕನ್ನಡಿ! ಹೊರದೇಶದ್ದೇ, ಅದೂ ಯಾರೋ ಮಹಾ ಉಸ್ತಾದನ ಕೈ!"

ನೋಡಿ ಹೇಗಿದೆ ಹಣೆಬರಹ! ಜೀವಮಾನದಲ್ಲೇ ಮೊದಲ ಹೊಗಳಿಕೆ. ಅದನ್ನು ನುಂಗಿಕೊಂಡು ಸುಮ್ಮನಿದ್ದರೆ ಪ್ರಾಣಿಗಳು ಹೋಗುತ್ತವೆ, ಬಾಯಿಬಿಟ್ಟರೆ ಮಾನ ಹೋಗುತ್ತದೆ! ಅಷ್ಟರಲ್ಲಿ ಶೋಕೇಸ್ ಭಾವ ತಂದಿದ್ದ ಖಾಲಿ ಡಬ್ಬಿಯ ಮುಚ್ಚಳ ತೆಗೆದ. ಹೆಂಡತಿಯ ಮುಖ ಬಿಳಿಚಿಕೊಂಡಿತು. ಅದನ್ನು ನೋಡಲಾರದೆ ಮೇಸ್ತ್ರಿ ಕೂಗಿಯೇಬಿಟ್ಟ:

"ಆ ಉಸ್ತಾದ ನಾನೇ! ಬೆಳಿಗ್ಗೆ ಹಿತ್ತಿಲಲ್ಲಿ ಉಜ್ಜಿದೆ!"

ಶೋಕೇಸ್ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ನೀವಾ? ತಾತ, ನಮ್ಮ ಹಾಲಿಗೆ ಬಂದು ನೋಡಿ, ಇವರ ಕೈಕೆಲಸ ಅಲೆ ಅಲೆ ಅಲೆ! ತಂಗಿ ಮೇಲಿನ ಪ್ರೀತಿಗೆ ಸುಳ್ಳು ಹೇಳ್ತಿದಾರೆ ಪಾಪ!"

ತಾತನೂ ತಲೆಯಾಡಿಸಿದರು. "ಬೇಡಪ್ಪಾ, ಇದು ನಿನ್ನಂಥವರ ಕೈಲಿ ಆಗೋದಲ್ಲ."

ಅಷ್ಟು ಸಾಕಾಯಿತು. ಅದೇ ಹೊತ್ತಿಗೆ ಹೆಂಡತಿ ಕಪ್ಪೆಯ ತಳಕ್ಕೆ ಹೆಬ್ಬೆರಳು ಒತ್ತಿಕೊಂಡು, "ರೀ, ಒಂದ್ ನಿಮಿಷ, ಇದರ ಅಡಿಯಲ್ಲಿ..." ಅಂತ ಏನೋ ಹೇಳಲು ಬಂದಳು. ಸಿಟ್ಟು ಬಂದ ಮನುಷ್ಯನಿಗೆ ಕಿವಿ ಎಲ್ಲಿರುತ್ತೆ? "ಆಮೇಲೆ ಹೇಳು!" ಅಂತ ಕಪ್ಪೆ ಕಿತ್ತುಕೊಂಡ, ಹಿತ್ತಿಲಿಗೆ ನುಗ್ಗಿದ, ಹೊರಗಿಂದ ಚಿಲಕ ಜಡಿದ. ಮೆಷಿನ್ನು ಗರ್ರೆಂದಿತು.

"ಅಯ್ಯೋ ನನ್ನ ಕಪ್ಪೆ! ಅದೊಂದೇ ಇರೋದು!" ತಾತ ಬಾಗಿಲು ಬಡಿದರು.

"ರೀ! ನಿಲ್ಸಿ! ರೀ!" ಹೆಂಡತಿ ಬಡಿದಳು.

"ಏನಾದ್ರೂ ಒಡೆದ್ರೆ ನಾನು ಜವಾಬ್ದಾರನಲ್ಲ!" ಶೋಕೇಸ್ ಭಾವ ಡಬ್ಬಿಯಿಂದಲೇ ಬಡಿದ.

ಮೇಸ್ತ್ರಿ ಒಳಗಿನವರ ಬಡಿತವೆಲ್ಲ ಚಪ್ಪಾಳೆ ಅಂದುಕೊಂಡು ಎಂಟು ಸುತ್ತನ್ನೂ ಮುಗಿಸಿಯೇ ಬಾಗಿಲು ತೆರೆದ. ಮೈಯೆಲ್ಲ ಬಿಳಿ ಕೆಸರು. ಕಪ್ಪೆಯನ್ನು ಬಾತುಕೋಳಿ ಪಕ್ಕದಲ್ಲಿ ಮಗುಚಿ ಇಟ್ಟ. "ಈಗ ಹೇಳಿ!"

ತಾತ ಎರಡನ್ನೂ ದೀಪಕ್ಕೆ ಹಿಡಿದರು. ಎರಡೂ ಕನ್ನಡಿ. "ಎರಡೂ ಒಂದೇ ಕೈ" ಅಂದರು. ದನಿ ಸತ್ತುಹೋಗಿತ್ತು. "ಹಾಗಾದ್ರೆ ಬೆಳಿಗ್ಗೆವರೆಗೂ ಇವಕ್ಕೆ ಹೊಕ್ಕುಳು ಇತ್ತು. ಇಲ್ಲಿಯವೇ. ಪ್ರಾಣಿಗಳು ತಂಗೀದು." ಕಪ್ಪೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡರು. "ಇವತ್ತಿನಿಂದ ನನ್ನ ಕಪ್ಪೆನೂ ಹೊರದೇಶದ್ದು" ಅಂತ, ಇಟ್ಟ ಚಹಾವನ್ನೂ ಕುಡಿಯದೆ ಮೆಟ್ಟಿಲಿಳಿದರು.

ಮೇಸ್ತ್ರಿ ಮೀಸೆ ತಿರುವಿ ಶೋಕೇಸ್ ಭಾವನ ಕಡೆ ತಿರುಗಿದ. ಒಂಬತ್ತು ವರ್ಷ ಕಾದ ಒಂದು ಮಾತು ಈಗ ಬರಲೇಬೇಕು! ಅವನ ಬಾಯಿಂದ ಬಂದದ್ದು ಇದು: "ಅಂದ್ರೆ ಭಾವ, ನಿಮಗೆ ಇಂಥ ಪಾಲಿಶ್ ಬರ್ತಿತ್ತು, ಆದ್ರೂ ನಮ್ಮ ಹಾಲಿಗೆ ಮಾಡ್ಲಿಲ್ಲ!" ಖಾಲಿ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಮುಖ ಊದಿಸಿಕೊಂಡು ಹೋದ.

ಉಳಿದವಳು ಹೆಂಡತಿ. ಗೆದ್ದವಳು! ಆದರೆ ನಗಲಿಲ್ಲ.

"ಆವಾಗ ಏನೋ ಹೇಳ್ತಿದ್ದೆಯಲ್ಲಾ?"

"ಚಿಕ್ಕವಳಿದ್ದಾಗ ಕತ್ತಲಿಗೆ ಹೆದರಿ ಬಾತುಕೋಳಿ ಹಿಡ್ಕೊಂಡು ಮಲಗ್ತಿದ್ದೆ. ಹೆಬ್ಬೆರಳಿಗೆ ಅದರ ತಳ ಸಿಗೋದು. ಎರಡು ಗೀರು, ಒಂದು ಚುಕ್ಕೆ. ಒಡೆದಿರೋದು ಅಂದ್ಕೊಂಡಿದ್ದೆ, ಗುರುತು ಅಂತ ಗೊತ್ತಿರ್ಲಿಲ್ಲ." ಅವಳು ತಡೆದು ಹೇಳಿದಳು, "ಆ ಕಪ್ಪೆ ಅಡಿಯಲ್ಲೂ ಅದೇ ಇತ್ತು ರೀ. ಎರಡು ಗೀರು, ಒಂದು ಚುಕ್ಕೆ. ಅದೂ ಅಪ್ಪಂದೇ."

ಮೇಸ್ತ್ರಿ ಒಂದೇ ದಿನದಲ್ಲಿ ಮಾವನನ್ನು ಆರು ಕಡೆಯಿಂದ ಅಳಿಸಿದ್ದ! ಮಾರನೇ ದಿನ ಮೊಳೆ ಹಿಡಿದುಕೊಂಡು ಬಂದು, "ಬೇಕಾದ್ರೆ ನಾನೇ ಗೀರಿ ಕೊಡ್ಲಾ?" ಅಂತ ಕೇಳಿದ. ಅವಳು ನೋಡಿದ ನೋಟಕ್ಕೆ ಮೊಳೆ ತಾನಾಗಿ ಡಬ್ಬ ಸೇರಿತು.

ಈಗ ಬಾಗಿಲು ಜೋರಾಗಿ ಹಾಕಿದರೆ ಸಾಕು, ಬಾತುಕೋಳಿ ಕಲ್ಲಿನ ಮೇಜಿನ ಮೇಲೆ ಈಜಿಕೊಂಡು ಅಂಚಿಗೆ ಬರುತ್ತದೆ. ಹೆಂಡತಿ ಅದನ್ನು ಎತ್ತಿ, ತಳವನ್ನು ಹೆಬ್ಬೆರಳಲ್ಲಿ ಒಮ್ಮೆ ಸವರಿ, ಮಡಿಸಿದ ಬಟ್ಟೆಯ ಮೇಲೆ ಇಡುತ್ತಾಳೆ.

"ಏನು ಹುಡುಕ್ತಿದ್ದೀಯ?" ಅಂತ ಮೇಸ್ತ್ರಿ ಒಂದು ದಿನ ಹೆದರಿ ಹೆದರಿ ಕೇಳಿದ.

"ಏನಿಲ್ಲ, ನಿಮ್ಮ ಪಾಲಿಶ್ ನೋಡ್ತಿದ್ದೆ" ಅಂದಳು. "ಒಂದು ಚೂರೂ ಅಲೆ ಇಲ್ಲ."

ಒಂಬತ್ತು ವರ್ಷದಿಂದ ಕಾದಿದ್ದ ಮಾತು! ಕೇಳಿದ ಮೇಸ್ತ್ರಿ ತಲೆ ತಗ್ಗಿಸಿಕೊಂಡು ಹಿತ್ತಿಲಿಗೆ ಹೋದ. ಅವಳಿಗೆ ಕೊಡಬೇಕಾದ ಎರಡು ಗೀರು, ಒಂದು ಚುಕ್ಕೆ ಇವತ್ತಿಗೂ ಬಾಕಿ ಇದೆ.