ಎಂಟು ಮಹಡಿ ಹತ್ತಿಹೋದ ನಮ್ಮ ಬಿಸಿಲಿನ ಬಗ್ಗೆ

ಬಸವೇಶ್ವರನಗರ,
೧೪ ಏಪ್ರಿಲ್ ೧೯೮೬

ನಮ್ಮ ಬೀದಿಗೆ ಎಂಟು ಅಂತಸ್ತಿನ ಘನತೆ ತಂದುಕೊಟ್ಟ ಮಾನ್ಯ ಉಗ್ರಪ್ಪನವರಿಗೆ, ಎದುರು ಹೆಂಚಿನ ಮನೆಯ ಅನಂತಲಕ್ಷ್ಮಿ ಕತ್ತೆತ್ತಿ ಮಾಡುವ ನಮಸ್ಕಾರಗಳು.

ತಮ್ಮ ಆಫೀಸಿಗೆ ಹಾಕಿದ ಮೂರು ಪತ್ರಗಳಿಗೆ ಉತ್ತರ ಬಾರದ್ದರಿಂದ, ಇದನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ, ಕ್ಷಮಿಸಬೇಕು.

ಮಾನ್ಯರೇ, ತಮ್ಮ ಕಟ್ಟಡ ಎದ್ದ ಮೇಲೆ ನಮ್ಮ ಮನೆಯಲ್ಲಿ ಸೂರ್ಯೋದಯವಾಗುವುದು ಹನ್ನೊಂದೂವರೆಗೆ. ಸೂರ್ಯನಿಗೂ ವಿಶ್ರಾಂತಿ ಬೇಕೆಂದು ನಾನು ಮೊದಮೊದಲು ಸುಮ್ಮನಿದ್ದೆ. ಆದರೆ ತಂಗಿಯ ಮಗಳು ವತ್ಸಲಾಳ ಮದುವೆಗೆಂದು ಅಂಗಳದಲ್ಲಿ ಹಾಕಿದ್ದ ಸಂಡಿಗೆಯೆಲ್ಲ ಒಣಗದೆ ಬೂಷ್ಟು ಹಿಡಿಯಿತು. ತಾಯಿಯಿಲ್ಲದ ಆ ಹುಡುಗಿಗೆ ನಾನು ಕೊಡಬಲ್ಲ ಉಡುಗೊರೆ ಅದೊಂದೇ ಆಗಿತ್ತು. ಅವತ್ತು ಹಿತ್ತಿಲಿಗೆ ಹೋಗಿ ಅತ್ತೆ.

ಮರುದಿನ ಬೆಳಿಗ್ಗೆ ಹೊಸದಾಗಿ ಹಿಟ್ಟು ಬೇಯಿಸಿ, ಪಕ್ಕದ ಮನೆಯ ಮುನಿಲಕ್ಷ್ಮಮ್ಮನವರ ಕೈಗೆ ಸಂಡಿಗೆ ಒತ್ತುವ ಒರಳನ್ನೂ ಹಳೆಯ ಪಂಚೆಯನ್ನೂ ಕೊಟ್ಟು, ಇಬ್ಬರೂ ತಮ್ಮ ಮೆಟ್ಟಿಲು ಹತ್ತಿದೆವು. ಕಾವಲುಗಾರ ಹನುಮಯ್ಯ ಅಡ್ಡ ಬಂದ. "ಅಮ್ಮಾ, ಓನರ್ ಬೈತಾರೆ ಕಣಮ್ಮಾ."

"ಬೈಲಿ ಬಿಡಪ್ಪಾ. ನಮ್ಮ ಬಿಸಿಲು ಮೇಲಕ್ಕೆ ಹೋಗಿದೆ, ಅದರ ಹಿಂದೇನೇ ನಾವೂ ಹೊರಟಿದೀವಿ," ಎಂದೆ. ಪಾಪ, ಹಿಟ್ಟಿನ ಪಾತ್ರೆ ಅವನೇ ಹೊತ್ತುಕೊಂಡ. ದಯವಿಟ್ಟು ಅವನನ್ನು ಗದರಬೇಡಿ.

ತಮ್ಮ ಟೆರೇಸಿನಿಂದ ಬಿನ್ನಿಪೇಟೆಯ ಗಿರಣಿ ಚಿಮಣಿಯವರೆಗೂ ಕಾಣುತ್ತದೆ. ಮುನಿಲಕ್ಷ್ಮಮ್ಮ ಮಾತ್ರ ಕೆಳಗೆ ನೋಡುತ್ತ ನಿಂತರು. "ಅಕ್ಕಾ, ನಮ್ಮನೆ ಹೆಂಚು ಒಡೆದಿರೋದು ಅಲ್ಲಿ ನೋಡಿ! ಎಲ್ಲಿಂದ ಸೋರುತ್ತೆ ಅಂತ ನಾಕು ವರ್ಷದಿಂದ ಹುಡುಕ್ತಿದ್ದೆ." ಬಡವರ ಹೆಂಚಿನ ತನಿಖೆಗೂ ಒದಗಿಬಂದ ತಮ್ಮ ಎತ್ತರ ಇನ್ನಷ್ಟು ಬೆಳೆಯಲಿ.

ನಾಲ್ಕು ಸಾಲು ಒತ್ತಿ ಮುಗಿಸುವಷ್ಟರಲ್ಲಿ ತಾವು ಫ್ಲಾಟು ನೋಡಲು ಬಂದ ದಂಪತಿಯೊಡನೆ ಮೇಲೆ ಬಂದಿರಿ. ತಮ್ಮ ಮುಖ ಹೆಸರಿಗೆ ತಕ್ಕಂತಾಗುವುದನ್ನು ಕಂಡು ನಾನು ಒರಳನ್ನು ಸೆರಗಿನಡಿ ಮುಚ್ಚಿಕೊಂಡೆ. ಅಷ್ಟರಲ್ಲಿ ಆ ಮಹಾತಾಯಿ, "ಇಲ್ಲಿ ಸಂಡಿಗೆ ಹಾಕ್ಬಹುದಾ? ಹಾಗಿದ್ರೆ ಇದೇ ಇರ್ಲಿ ಕಣ್ರೀ," ಎಂದು ಗಂಡನಿಗೆ ಹೇಳಿದರು. ತಾವು ಕಣ್ಣು ಮಿಟುಕಿಸದೆ, "ಅದಕ್ಕೇ ಬಿಟ್ಟಿರೋದು ಮೇಡಂ," ಎಂದಿರಿ. ಇಂಥ ಸಮಯಸ್ಫೂರ್ತಿಯನ್ನು ನಾನು ಎಲ್ಲೂ ಕಂಡಿಲ್ಲ.

ಸಂಜೆ ನಾವು ಸಂಡಿಗೆ ತುಂಬಿಕೊಂಡು ಇಳಿದ ಮೇಲೆ ಟೆರೇಸಿಗೆ ಬೀಗ ಬಿತ್ತು. "ಅನ್ಯರಿಗೆ ಪ್ರವೇಶವಿಲ್ಲ" ಎಂಬ ಬೋರ್ಡೂ ಬಂತು. ಮದುವೆಗೆ ಇನ್ನೂ ಇದರ ಎರಡರಷ್ಟು ಸಂಡಿಗೆ ಆಗಬೇಕು. ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಇಷ್ಟೇ: ಬೇಸಿಗೆ ಮುಗಿಯುವವರೆಗೆ ಬೀಗ ತೆಗೆಸಿರಿ, ಅದು ಕಷ್ಟವಾದರೆ ದಿನಾ ಏಳರಿಂದ ಹನ್ನೊಂದೂವರೆಯವರೆಗೆ ಮೇಲಿನ ಆರು ಮಹಡಿಗಳನ್ನು ಪಕ್ಕಕ್ಕೆ ಇಳಿಸಿಟ್ಟುಕೊಳ್ಳಿರಿ.

ತಮ್ಮ ನೆರಳಿನಲ್ಲೇ ತಣ್ಣಗಿರುವ ವಿಶ್ವಾಸಿ,
ಅನಂತಲಕ್ಷ್ಮಿ

ಮರೆತ ಮಾತು: ಆ ಮಹಾತಾಯಿ ಹನುಮಯ್ಯನಿಂದ ವಿಳಾಸ ಕೇಳಿಕೊಂಡು, ಹಿಟ್ಟಿನ ಹದ ಕಲಿಯಲು ನಿನ್ನೆ ಬೆಳಿಗ್ಗೆ ನಮ್ಮ ಮನೆಗೆ ಬಂದಿದ್ದರು. ಬೀಗದ ಸಂಗತಿಯನ್ನು ನಾನು ಹೇಳಲಿಲ್ಲ, ಮುನಿಲಕ್ಷ್ಮಮ್ಮ ಹೇಳಿದರು. ಗುರುವಾರ ಯಜಮಾನರನ್ನು ಕರೆದುಕೊಂಡು ತಮ್ಮ ಆಫೀಸಿಗೇ ಬರುತ್ತಾರಂತೆ. ಅವರ ಮುಖ ಬಹಳ ಕೆಂಪಗಿತ್ತು. ಬಿಸಿಲಿಗಲ್ಲ, ನಮ್ಮ ಮನೆಯಲ್ಲಿ ಅದು ಇರಲಿಲ್ಲ.