ಕಟ್ಲೆಟ್ ಬನ್ನು ತಿಂದ ಚೆನ್ನಮ್ಮ

ರೇವಣಸಿದ್ದಯ್ಯ: ಆಲೂಗಡ್ಡೆ ಪಲ್ಯ ಬೇಕಿದ್ರೆ ನಮ್ಮನೇಲಿ ಇರ್ಲಿಲ್ವಾ? ಅದನ್ನ ಬನ್ನೊಳಗೆ ತುರುಕಿದ ತಕ್ಷಣ ಅದಕ್ಕೊಂದು ಇಂಗ್ಲಿಷ್ ಹೆಸರು.

ಚೆನ್ನಮ್ಮ: ಪಲ್ಯ ಅಲ್ಲ ಕಣ್ರೀ, ಕಟ್ಲೆಟ್ಟು. ಪಲ್ಯಾನ ಒತ್ತಿ, ಕರಿದು ಇಟ್ಟವ್ರೆ.

ರೇವಣಸಿದ್ದಯ್ಯ: ಅಂದ್ರೆ ಹಿಂದಿನ ದಿನ ಮಿಕ್ಕಿದ ಪಲ್ಯ.

ಚೆನ್ನಮ್ಮ: ಇರಬಹುದು. ನಾನೇನು ಚೆನ್ನಾಗಿತ್ತು ಅಂದ್ನಾ?

ತುಮಕೂರಿನ ಗುಬ್ಬಿ ಗೇಟಿನ ಹತ್ತಿರ ರೇವಣಸಿದ್ದಯ್ಯನ ಇಡ್ಲಿ ಹೋಟೆಲು. ಅಡುಗೆ ಹೆಂಡತಿ ಚೆನ್ನಮ್ಮನದು. ಬಡಿಸುವುದು, ಗಲ್ಲಾ ಮತ್ತು ಮಾತು ಗಂಡನದು. ಬೆಂಗಳೂರಿನ ಸನ್‌ಬೀಮ್ ಕೆಫೆಯವರು ಊರಾಚೆಯ ಹೊಸ ಬಡಾವಣೆಯಲ್ಲಿ ತಮ್ಮ ಆರನೆಯ ಶಾಖೆ ತೆರೆದು ಹತ್ತು ದಿನವಾಗಿತ್ತು. ಆ ಹತ್ತು ದಿನವೂ ರೇವಣಸಿದ್ದಯ್ಯ ಗಲ್ಲಾದ ಹಿಂದೆ ಕೂತು ಅದನ್ನು ಆಡಿಕೊಂಡಿದ್ದ. ಬ್ರೆಡ್ಡು ಬನ್ನು ಅಂದರೆ ಜ್ವರ ಬಂದವರಿಗೆ ಡಾಕ್ಟರು ಹೇಳುವ ಪಥ್ಯ. ಮೈ ನೆಟ್ಟಗಿರುವವರು ಸಾಲುಗಟ್ಟಿ ನಿಂತು ಪಥ್ಯ ತಿನ್ನುವ ಕಾಲ ಬಂತಲ್ಲ ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿದ್ದ. ಕೆಫೆಯ ಗಾಜಿನ ಬಾಗಿಲು ಕಾಣದೆ ಹಣೆ ಗುದ್ದಿಕೊಂಡ ವಕೀಲರ ಗುಮಾಸ್ತನಿಂದ ಆ ಕಥೆಯನ್ನು ನಾಲ್ಕು ಸಲ ಹೇಳಿಸಿ ನಕ್ಕಿದ್ದ. ಹನ್ನೊಂದನೆಯ ದಿನ, ತನ್ನ ಹೆಂಡತಿಯೇ ಪಕ್ಕದ ಮನೆಯ ವನಜಮ್ಮನ ಜೊತೆ ಹೋಗಿ ಆ ಬನ್ನು ತಿಂದು ಬಂದಿದ್ದಾಳೆಂದು ಗೊತ್ತಾಯಿತು. ಹೇಳಿದ್ದೂ ಅದೇ ಗುಮಾಸ್ತ.

ರೇವಣಸಿದ್ದಯ್ಯ: ಬನ್ನಿಗೆ ಮೊಟ್ಟೆ ಹಾಕ್ತಾರೆ, ಗೊತ್ತಾ ನಿಂಗೆ? ಲಿಂಗ ಕಟ್ಕೊಂಡೋಳು ನೀನು.

ಚೆನ್ನಮ್ಮ: ಹಾಕಿಲ್ಲ ಅಂತ ಬೋರ್ಡೇ ಬರೆದವ್ರೆ. ವನಜಮ್ಮ ಓದಿ ಹೇಳಿದ್ರು.

ರೇವಣಸಿದ್ದಯ್ಯ: ಬೋರ್ಡ್ ಬರೆಯೋನು ನಿಜ ಬರೀತಾನಾ? ಇರು, ತಿಳಿದೋರನ್ನೇ ಕರೀತೀನಿ.

ಪಕ್ಕದ ಬೇಕರಿಯ ಬಾಬಾ ಜಾನ್ ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಬಂದ. ಇಪ್ಪತ್ತು ವರ್ಷದಿಂದ ನೆರೆಯವನು. ಬನ್ನಿಗೆ ಮೊಟ್ಟೆ ಹಾಕ್ತೀರೋ ಇಲ್ಲವೋ, ನಿಜ ಹೇಳಿ ಸಾಬ್ರೆ ಎಂದು ರೇವಣಸಿದ್ದಯ್ಯ ಕೇಳಿದ್ದೇ ತಡ, ಅವನ ಮುಖ ಗಂಟಿಕ್ಕಿತು.

ಬಾಬಾ ಜಾನ್: ಯಾರು ಹೇಳಿದ್ದು? ನಮ್ಮಪ್ಪನ ಕಾಲದಿಂದ ನಮ್ಮ ಬನ್ನಿಗೆ ಮೊಟ್ಟೆ ಮುಟ್ಟಿಸಿಲ್ಲ. ಮಠದೋರೂ ತಗೊಂಡೋಗ್ತಾರೆ.

ರೇವಣಸಿದ್ದಯ್ಯ: ನಿಮ್ಮ ಬನ್ನಲ್ಲ, ಕೆಫೆ ಬನ್ನು.

ಬಾಬಾ ಜಾನ್: ಓ, ಅದಾ. ಅದಕ್ಕೆ ಮೊಟ್ಟೆ ಯಾಕೆ ಹಾಕ್ತಾರೆ ಸಿದ್ದಯ್ಯನೋರೆ? ಉಪ್ಪನ್ನೇ ಸರಿಯಾಗಿ ಹಾಕಿಲ್ಲ. ಬೆಂಗಳೂರಲ್ಲಿ ಸುಟ್ಟು ಲಾರೀಲಿ ತರ್ತಾರೆ. ಇಲ್ಲಿಗೆ ಬರೋಷ್ಟರಲ್ಲಿ ಅದು ಬನ್ನಲ್ಲ, ಹತ್ತಿ.

ರೇವಣಸಿದ್ದಯ್ಯ: ಅಂದ್ರೆ ನೀವೂ ತಿಂದ್ರಿ.

ಬಾಬಾ ಜಾನ್: ವಿಚಾರಣೆಗೆ ಹೋಗಿದ್ದೆ.

ಎಷ್ಟು ಸಲ ವಿಚಾರಣೆಗೆ ಹೋಗಿದ್ದಿರಿ ಎಂದು ಚೆನ್ನಮ್ಮ ಕೇಳಿದಳು. ಮೂರು ಸಲ ಎಂದು ಬಾಬಾ ಜಾನ್ ಒಪ್ಪಿಕೊಂಡ. ಮೂರು ಸಲವೂ ಕೆಟ್ಟದಾಗಿಯೇ ಇತ್ತಂತೆ. ಚೆನ್ನಮ್ಮ ಅದನ್ನು ಪೂರ್ತಿ ಒಪ್ಪಿದಳು. ಬನ್ನು ಬಾಯಿಗೆ ಮೆತ್ತಿಕೊಳ್ಳುತ್ತದೆ, ಕಟ್ಲೆಟ್ಟಿಗೆ ಹಸಿಮೆಣಸಿನಕಾಯಿಯ ವಾಸನೆಯೂ ತಾಗಿಲ್ಲ, ಮೇಲೆ ಹಾಕಿಕೊಳ್ಳಲು ಕೊಡುವ ಕೆಂಪು ಗೊಜ್ಜು ಸಿಹಿ ಎಂದಳು. ಇಬ್ಬರೂ ಸೇರಿ ಬನ್ನಿನ ಮಾನ ಕಳೆದದ್ದು ಕೇಳಿ ರೇವಣಸಿದ್ದಯ್ಯನಿಗೆ ಹಾಯೆನಿಸಿತು.

ರೇವಣಸಿದ್ದಯ್ಯ: ಸರಿ ಬುಡು, ಬುದ್ಧಿ ಬಂತಲ್ಲ. ಇನ್ನೊಂದ್ಸಲ ಹೋಗಲ್ಲ ತಾನೇ?

ಚೆನ್ನಮ್ಮ: ಮುಂದಿನ ಶುಕ್ರವಾರ ಹೋಗ್ತೀನಿ.

ರೇವಣಸಿದ್ದಯ್ಯ: ಈಗ ತಾನೇ ಥೂ ಅಂದೆ.

ಚೆನ್ನಮ್ಮ: ಬನ್ನಿಗೆ ಅಂದೆ. ನಾನು ಹೋಗೋದು ಕುರ್ಚಿಗೆ.

ರೇವಣಸಿದ್ದಯ್ಯ: ನಮ್ಮಲ್ಲೇ ಹನ್ನೆರಡು ಕುರ್ಚಿ ಇದಾವೆ.

ಚೆನ್ನಮ್ಮ: ಇದಾವೆ. ಹದಿನೆಂಟು ವರ್ಷದಲ್ಲಿ ಒಂದಿನ ಕೂತ್ಕೋ ಅಂದಿದೀರಾ?

ಸ್ವಂತ ಹೋಟೆಲಿನಲ್ಲಿ ಕೂರುವುದಕ್ಕೆ ಯಾರಾದರೂ ಹೇಳಬೇಕೇ ಎಂದು ಅವನು ನಗಲು ನೋಡಿದ. ಚೆನ್ನಮ್ಮ ನಗಲಿಲ್ಲ. ರುಬ್ಬುವ ಗುಂಡನ್ನು ಬಿಟ್ಟು ಕೈ ತೊಳೆದುಕೊಂಡಳು.

ಚೆನ್ನಮ್ಮ: ನಾನು ಅಡುಗೆಮನೆ ಬಾಗಿಲಿಂದ ಈಚೆಗೆ ತಲೆ ಹಾಕಿದ್ರೆ, ಚಟ್ನಿ ಆಯ್ತೇನಮ್ಮ ಅಂತ ಕೇಳ್ತಾರೆ. ಅಲ್ಲಿ ಒಬ್ರು ಬಂದು, ಏನು ಕೊಡ್ಲಿ ತಾಯಿ ಅಂದ್ರು. ನಂಗೆ ಏನು ಹೇಳ್ಬೇಕು ಅಂತ್ಲೇ ತಿಳೀಲಿಲ್ಲ ಕಣ್ರೀ. ಹುಟ್ಟಿದಾಗಿಂದ ನನ್ನ ಯಾರೂ ಹಂಗೆ ಕೇಳಿರ್ಲಿಲ್ಲ.

ಬಾಬಾ ಜಾನ್ ಒಲೆಯ ಕಡೆ ನೋಡಿದ, ಸೂರಿನ ಕಡೆ ನೋಡಿದ. ಬೇಕರಿಯಲ್ಲಿ ಏನೋ ಸೀಯುತ್ತಿರಬೇಕೆಂದು ಹೇಳಿ ಮೆಲ್ಲಗೆ ಹೊರಟುಹೋದ.

ರೇವಣಸಿದ್ದಯ್ಯ ಆ ದಿನ ಗಲ್ಲಾದಲ್ಲಿ ಕೂತರೂ ಕೆಫೆಯ ಮಾತೆತ್ತಲಿಲ್ಲ. ಗುಮಾಸ್ತ ತಾನಾಗಿಯೇ ಗಾಜಿನ ಬಾಗಿಲ ಕಥೆ ತೆಗೆದಾಗ, ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಸಿಡುಕಿದ. ಸಂಜೆ ಬಾಗಿಲು ಹಾಕುವಾಗ, ನಾಳೆ ಒಳ್ಳೆ ಸೀರೆ ಉಟ್ಟುಕೊಂಡು ಎಂಟು ಗಂಟೆಗೆ ಮುಂಬಾಗಿಲಿಂದ ಬಾ ಎಂದು ಹೆಂಡತಿಗೆ ಹೇಳಿದ. ಅಡುಗೆ ಯಾರು ಮಾಡುತ್ತಾರೆ ಎಂದು ಅವಳು ಕೇಳಿದ್ದಕ್ಕೆ, ಇಡ್ಲಿ ಬೇಯಿಸುವುದೇನು ದೊಡ್ಡ ವಿದ್ಯೆಯೇ ಎಂದ.

ಮರುದಿನ ಎಂಟಕ್ಕೆ ಚೆನ್ನಮ್ಮ ವನಜಮ್ಮನ ಜೊತೆ ಮುಂಬಾಗಿಲಿಂದ ಬಂದಳು. ಒಳಗಿದ್ದ ಗಂಡಸರೆಲ್ಲ ತಿರುಗಿ ನೋಡಿದರು. ಅವಳು ಕಿಟಕಿಯ ಪಕ್ಕದ ಕುರ್ಚಿ ಎಳೆದುಕೊಂಡು, ಸೆರಗು ಸರಿಮಾಡಿಕೊಂಡು ಕೂತಳು. ಕೈಗಳನ್ನು ಎಲ್ಲಿಡಬೇಕೆಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ. ಆಮೇಲೆ ಮೇಜಿನ ಮೇಲಿಟ್ಟಳು. ಹಿಟ್ಟು ಮೆತ್ತಿದ ಪಂಚೆ, ಬೆವರಿದ ಹಣೆ, ಹೆಗಲಲ್ಲೊಂದು ಟವೆಲು ಸಮೇತ ರೇವಣಸಿದ್ದಯ್ಯ ಬಂದು ನಿಂತ.

ರೇವಣಸಿದ್ದಯ್ಯ: ಏನು ಕೊಡ್ಲಿ?

ಚೆನ್ನಮ್ಮ: ಏನೇನಿದೆ?

ಅವಳೇ ಹದಿನೆಂಟು ವರ್ಷ ಮಾಡಿದ್ದನ್ನು ಅವನು ಅವಳಿಗೇ ಒಂದೊಂದಾಗಿ ಒಪ್ಪಿಸಿದ. ಅವಳು ಪೂರ್ತಿ ಕೇಳಿ, ಯೋಚನೆ ಮಾಡಿ, ತಟ್ಟೆ ಇಡ್ಲಿ ಅಂದಳು. ಇಡ್ಲಿ ಬಂತು. ಅಂಚು ಗಟ್ಟಿ, ನಡು ಹಸಿ. ಚಟ್ನಿಯಲ್ಲಿ ನೀರೊಂದು ಕಡೆ, ಕಾಯಿ ಒಂದು ಕಡೆ. ಬೇರೆ ಮೇಜುಗಳಲ್ಲಿ ಅದೇ ಇಡ್ಲಿಗಳು ಅರ್ಧಂಬರ್ಧ ಕೂತಿದ್ದವು. ಗುಮಾಸ್ತ ತನ್ನ ಇಡ್ಲಿಯನ್ನು ಬೆರಳಿನಿಂದ ಅತ್ತ ಸರಿಸಿ, ಅಮ್ಮೋರು ಇಲ್ಲಿ ಕೂತಿದ್ದರೆ ಒಳಗೆ ಬೇಯಿಸಿದವರು ಯಾರು ಎಂದು ಪಕ್ಕದವನನ್ನು ಕೇಳಿದ. ಚೆನ್ನಮ್ಮ ಮಾತ್ರ ಒಂದು ಚೂರೂ ಬಿಡದೆ ನಿಧಾನವಾಗಿ ತಿಂದಳು. ತಿಂದು, ಕಾಫಿ ತರಿಸಿಕೊಂಡಳು. ವನಜಮ್ಮನ ಜೊತೆ ಹೆಬ್ಬೂರಿನ ಬಸ್ಸಿನ ವಿಚಾರ ಮಾತಾಡಿದಳು.

ಒಳಗಿನಿಂದ ಸೀದ ವಾಸನೆ ಬಂತು. ರೇವಣಸಿದ್ದಯ್ಯ ಅತ್ತ ಓಡಿ, ಇತ್ತ ಓಡಿ, ಕೊನೆಗೆ ಅವಳ ಮೇಜಿನ ಮೇಲೆ ಬಗ್ಗಿ ಯಾರಿಗೂ ಕೇಳಿಸದಂತೆ ಹೇಳಿದ.

ರೇವಣಸಿದ್ದಯ್ಯ: ಒಳಗೆ ಚಟ್ನಿ ಮುಗೀತು, ಸಾಂಬಾರು ತಳ ಹಿಡೀತು ಕಣೇ. ಸ್ವಲ್ಪ ಬಾರೇ.

ಚೆನ್ನಮ್ಮ ಲೋಟದ ಕೊನೆಯ ಗುಟುಕು ಕುಡಿದು, ತುಟಿ ಒರೆಸಿಕೊಂಡಳು.

ಚೆನ್ನಮ್ಮ: ಗಿರಾಕಿಗಳ ಹತ್ರ ಅದನ್ನೆಲ್ಲ ಹೇಳ್ಬಾರ್ದು ಕಣ್ರೀ.